ಕುಂಬಾರನ ನಾಟಕದ ಪೇಟಿ ಮೇಷ್ಟ್ರು

ಬೆಳಗ್ಗೆ ಐದೂವರೆಗೆ ನಡಿಗೆಗೆಂದು ಮನೆ ಬಿಟ್ಟು ಆರೂಕಾಲಿಗೆ ವಾಪಸಾಗುವುದು ನಿವೃತ್ತಿಯ ನಂತರ ನಾನು ಇಟ್ಟುಕೊಂಡ ಕ್ರಮ. ಮಳೆ ಬಂದರೆ ಕೊಡೆ, ಜ್ವರ ಬಂದರೆ ಮಾತ್ರ ರಜೆ. ಹೋದ ತಿಂಗಳು ಒಂದು ದಿನ ಈ ಕ್ರಮ ಹನ್ನೆರಡು ನಿಮಿಷ ತಪ್ಪಿತು. ಮಂಡ್ಯದ ಪೇಟೆ ಬೀದಿಯಲ್ಲಿ ನಾಟಕದ ಉಡುಪು, ಪರದೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಯೊಂದಿದೆ. ಯಾವುದೋ ಹಳ್ಳಿಯಲ್ಲಿ ನಾಟಕ ಮುಗಿಸಿ ಬಂದ ಪೆಟ್ಟಿಗೆಗಳನ್ನು ಆಗತಾನೆ ಲಾರಿಯಿಂದ ಇಳಿಸುತ್ತಿದ್ದರು. ಒಂದರ ಮುಚ್ಚಳ ತೆರೆದುಕೊಂಡಿತ್ತು. ಅರದಾಳದ ವಾಸನೆ... ವೇಷ ಕಟ್ಟುವಾಗ ಮುಖಕ್ಕೆ ಬಳಿಯುವ ಆ ಹಳದಿ ಪುಡಿ ಕೊಬ್ಬರಿ ಎಣ್ಣೆಯಲ್ಲಿ ಕಲೆತು, ಬೆವರಿನಲ್ಲಿ ನೆನೆದು, ಬಟ್ಟೆಯ ಮೇಲೆ ಒಣಗಿದಾಗ ಬರುವ ವಾಸನೆ. ಹಮಾಲಿಯೊಬ್ಬ ದಾರಿ ಬಿಡಿ ಅಂದ ಮೇಲೆಯೇ ನಾನು ನಿಂತಿದ್ದೇನೆಂದು ನನಗೆ ತಿಳಿದದ್ದು.

ನೆನಪಾದವರು ಒಬ್ಬ ಪೇಟಿ ಮೇಷ್ಟ್ರು. ಹಾರ್ಮೋನಿಯಂ ಪೆಟ್ಟಿಗೆ ಹೊತ್ತು ಊರೂರು ತಿರುಗಿ ಹಳ್ಳಿಯವರಿಗೆ ನಾಟಕ ಕಲಿಸುವವರನ್ನು ನಮ್ಮ ಕಡೆ ಹಾಗೆ ಕರೆಯುತ್ತಿದ್ದರು. ನಲವತ್ತೇಳನೆಯ ಇಸವಿಯ ಸಂಕ್ರಾಂತಿಯಿಂದ ಯುಗಾದಿಯ ಹಿಂದಿನ ವಾರದವರೆಗೆ ನಾನು ಅವರನ್ನು ದಿನವೂ ನೋಡಿದೆ. ದಿನವೂ ಅವರ ಮೇಲೆ ಅನುಮಾನಪಟ್ಟೆ.

ಆಗ ನನಗೆ ಇಪ್ಪತ್ತಮೂರು ವರ್ಷ. ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ದೀಪ ಆರಿಸುವ ಹಾಸ್ಟೆಲಿನಲ್ಲಿದ್ದುಕೊಂಡು ಮೇಷ್ಟರ ತರಬೇತಿ ಮುಗಿಸಿದ್ದೆ. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗಿದ್ದ ಹಳ್ಳಿಗೆ ನನ್ನನ್ನು ಹಾಕಿದ್ದರು. ಒಂದು ಕೋಣೆಯ ಶಾಲೆ, ನಲವತ್ತೊಂದು ಮಕ್ಕಳು, ಒಂದು ಕುರ್ಚಿ, ಒಂದು ಮೇಜು. ಆ ಊರಿನಲ್ಲಿ ಇನ್ನೊಂದು ಕುರ್ಚಿ ಇದ್ದದ್ದು ಪಟೇಲರ ಜಗಲಿಯ ಮೇಲೆ. ಅದರಲ್ಲಿ ಅವರೊಬ್ಬರೇ ಕೂರುತ್ತಿದ್ದರು. ನಾನು ಹೋದರೆ ಚಾಪೆ ಹಾಸುತ್ತಿದ್ದರು. ಉಳಿದವರು ಜಗಲಿಯ ಕೆಳಗೆ ನಿಲ್ಲುತ್ತಿದ್ದರು.

ನಾಲೆಯ ನೀರು ಆ ಊರಿಗೆ ಬಂದು ಹೆಚ್ಚು ವರ್ಷವಾಗಿರಲಿಲ್ಲ. ಮೊದಲು ಹುರುಳಿಯೂ ಸರಿಯಾಗಿ ಬಾರದಿದ್ದ ನೆಲದಲ್ಲಿ ಈಗ ಭತ್ತ, ಕಬ್ಬು ಏಳುತ್ತಿತ್ತು. ತೂಬಿನ ಪಕ್ಕದ ಒಂದೂವರೆ ಎಕರೆಯನ್ನು ಪಟೇಲರು ಒಬ್ಬ ರೈತನಿಗೆ ವಾರಕ್ಕೆ ಕೊಟ್ಟಿದ್ದರು. ಬೆಳೆದದ್ದರಲ್ಲಿ ಅರ್ಧ ಅವನು ಅವರ ಕಣಜಕ್ಕೆ ಅಳೆಯಬೇಕು. ಅವನ ಅಪ್ಪನ ಕಾಲದಲ್ಲಿ ಅದು ಬರೀ ಕಲ್ಲುಗುಡ್ಡೆ. ಅಪ್ಪ ಕಲ್ಲು ಆರಿಸಿ ಬದು ಕಟ್ಟಿದ್ದ, ಮಗ ಮಟ್ಟ ಮಾಡಿದ್ದ. ನೀರು ಬಂದ ಮೇಲೆ ಪಟೇಲರಿಗೆ ಆ ನೆಲದ ಮೇಲೆ ಕಣ್ಣು ಬಿತ್ತು. ಬರುವ ಯುಗಾದಿಗೆ ಬಿಟ್ಟುಬಿಡು, ನಾನೇ ಕಬ್ಬು ಹಾಕಿಸುತ್ತೇನೆ ಅಂದಿದ್ದರು. ಆ ಕಡೆ ಜೀತ, ವಾರ, ಗುತ್ತಿಗೆ ಯಾವುದೇ ಆದರೂ ಯುಗಾದಿಯಿಂದ ಯುಗಾದಿಗೆ. ಕಾಗದವಿಲ್ಲ, ಸಹಿಯಿಲ್ಲ, ಎಲ್ಲ ಬಾಯಿಮಾತು. ಆ ರೈತನಿಗೆ ಬೇರೆ ಒಂದು ಅಂಗೈಯಗಲ ನೆಲವೂ ಇರಲಿಲ್ಲ. ನನ್ನ ವಯಸ್ಸಿನವನೇ. ಮುದುಕಿ ತಾಯಿ, ಹೆಂಡತಿ, ಎರಡು ಮಕ್ಕಳು. ದೊಡ್ಡದು ನನ್ನ ಶಾಲೆಯ ಒಂದನೇ ತರಗತಿಯಲ್ಲಿತ್ತು.

ಅದೇ ವರ್ಷ ಪಟೇಲರಿಗೆ ನಾಟಕ ಆಡಿಸುವ ಮನಸ್ಸಾಯಿತು. ಕೊಕ್ಕರೆ ಬೆಳ್ಳೂರಿನ ಕಡೆಯ ಒಂದು ಊರಿನಲ್ಲಿ ಹಿಂದಿನ ವರ್ಷ ಯುದ್ಧದ ಪೌರಾಣಿಕ ನಾಟಕ ಆಡಿದ್ದರು. ಆ ಊರಿನ ಪಟೇಲರು ಕಿರೀಟ ಇಟ್ಟುಕೊಂಡದ್ದನ್ನು ನಮ್ಮವರು ನೋಡಿ ಬಂದಿದ್ದರು. ಅದೇ ನಾಟಕ ಬೇಡ, ಯಾರೂ ಆಡದ್ದು ಬೇಕು, ಆದರೆ ರಾಜ ಇರಬೇಕು ಎಂಬುದು ಇವರ ಹಟ. ಪೇಟಿ ಮೇಷ್ಟ್ರು ಬಂದದ್ದು ಆಗ. ಕಪ್ಪನೆಯ ತೆಳ್ಳನೆಯ ಮನುಷ್ಯ, ನಲವತ್ತು ದಾಟಿರಬಹುದು, ಹೆಗಲ ಮೇಲೆ ಹಾರ್ಮೋನಿಯಂ, ಕಂಕುಳಲ್ಲಿ ಬಟ್ಟೆಯ ಚೀಲ. ಜಗಲಿಯ ಕೆಳಗೆ ನಿಂತು ಅವರು ಪಟೇಲರಿಗೆ ಹೇಳಿದ ಮೊದಲ ಮಾತು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ.

"ಒಂದು ನಾಟ್ಕ ಐತೆ ಗೌಡ್ರೇ. ರಾಜ ಐದು ಸೀನ್ನಾಗೂ ಗದ್ದುಗೆ ಮ್ಯಾಲೇ."

ಪಟೇಲರು ಅಲ್ಲೇ ಒಪ್ಪಿದರು. ನನಗೆ ಅಲ್ಲೇ ಅನುಮಾನ ಹುಟ್ಟಿತು. ಈ ಮನುಷ್ಯನಿಗೆ ಪಟೇಲರು ಏನು ಕೇಳಲು ಇಷ್ಟಪಡುತ್ತಾರೆಂದು ಬಂದ ಕಾಲು ಗಳಿಗೆಯಲ್ಲಿ ಹೇಗೆ ಗೊತ್ತಾಯಿತು?

ನಾಟಕದ ಕಥೆ ಹೀಗೆ. ಒಬ್ಬ ರಾಜ. ಅವನ ಅರಮನೆಯ ಹಿಂದೆ ಒಬ್ಬ ಕುಂಬಾರ ಮಣ್ಣು ತೆಗೆಯುವ ಗುಂಡಿ. ರಾಜನಿಗೆ ಅಲ್ಲಿ ಆನೆ ಲಾಯ ಕಟ್ಟಬೇಕು. ಕುಂಬಾರ ಬಿಡುವುದಿಲ್ಲ. ಮಂತ್ರಿ ಹೆದರಿಸುತ್ತಾನೆ, ಕುಂಬಾರ ಬಂದು ರಾಜನ ಕಾಲಿಗೆ ಬೀಳುತ್ತಾನೆ. ಹೀಗೆ ಮೂರು ಸಲ. ನಾಟಕದ ಹೆಸರು ಕೇಳಿದರೆ ಪೇಟಿ ಮೇಷ್ಟ್ರು, ಹೆಸರಿಟ್ಟಿಲ್ಲ ಅಂದರು. ಊರು ತಾನೇ ಅದನ್ನು ಕುಂಬಾರನ ನಾಟಕ ಎಂದು ಕರೆಯಿತು.

ರಾಜ ಯಾರೆಂಬ ಪ್ರಶ್ನೆಯೇ ಇರಲಿಲ್ಲ. ಮಂತ್ರಿಯ ಪಾತ್ರ ಪಟೇಲರ ದಾಯಾದಿ ತಮ್ಮನಿಗೆ ಹೋಯಿತು. ಕುಂಬಾರ ಯಾರಾಗಬೇಕು ಎಂಬಲ್ಲಿ ಕಥೆ ನಿಂತಿತು. ವೇಷದಲ್ಲಾದರೂ ಸರಿ, ಮೂರು ಸಲ ಪಟೇಲರ ಕಾಲಿಗೆ ಬೀಳಲು ಅವರ ಕುಲಸ್ಥರು ಯಾರೂ ಒಪ್ಪಲಿಲ್ಲ. ಅವರೊಳಗೆ ಅಣ್ಣತಮ್ಮಂದಿರ ಜಗಳ ಮೂರು ತಲೆಮಾರಿನದು. ಕೊನೆಗೆ ಪಟೇಲರೇ ತೂಬಿನ ಪಕ್ಕದ ವಾರದ ರೈತನನ್ನು ಕರೆಸಿ, ನೀನೇ ಕಣ್ಲಾ ಕುಂಬಾರ ಅಂದರು. ಅವನು ನೆಲ ನೋಡಿಕೊಂಡು ಆಗಲಿ ಅಂದ. ಬೇರೆ ಏನು ಅಂದಾನು? ಯುಗಾದಿ ಹತ್ತಿರ ಬರುತ್ತಿತ್ತು. ಚೆನ್ನಾಗಿ ಬಿದ್ದರೆ ಪಟೇಲರ ಮನಸ್ಸು ಕರಗೀತು ಎಂದು ಅವನ ತಾಯಿ ಊರೆಲ್ಲ ಹೇಳಿಕೊಂಡು ತಿರುಗಿದಳು. ಅಂದಿನಿಂದ ಅವನಿಗೆ ಊರಲ್ಲಿ ಕುಂಬಾರ ಎಂದೇ ಹೆಸರಾಯಿತು.

ತಾಲೀಮು ನನ್ನ ಶಾಲೆಯಲ್ಲಿ. ಸಂಜೆ ಐದೂವರೆಯಿಂದ ಏಳೂವರೆ, ಒಳಗೆ ಬೀಡಿ ಸೇದಬಾರದು, ಕಪ್ಪು ಹಲಗೆ ಮುಟ್ಟಬಾರದು ಎಂಬ ಷರತ್ತು ಹಾಕಿ ಬೀಗದ ಕೈ ನನ್ನಲ್ಲೇ ಇಟ್ಟುಕೊಂಡೆ. ಕುರ್ಚಿಯನ್ನು ತಾಲೀಮಿಗೆ ಬಿಟ್ಟುಕೊಟ್ಟು, ಮೂಲೆಯಲ್ಲಿ ಮೇಜಿನ ಮುಂದೆ ಪೆಟ್ಟಿಗೆಯೊಂದರ ಮೇಲೆ ಕೂತು ದಿನಚರಿ ಬರೆಯುತ್ತ ಎಲ್ಲವನ್ನೂ ನೋಡುತ್ತಿದ್ದೆ.

ಪೇಟಿ ಮೇಷ್ಟ್ರು ಕಲಿಸುವ ರೀತಿಯನ್ನು ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು. ಪಾತ್ರಧಾರಿಗಳಿಗೆ ಓದು ಬರುತ್ತಿರಲಿಲ್ಲ. ಪಟೇಲರಿಗೂ ಸಹಿ ಮತ್ತು ಕಂದಾಯದ ಅಂಕಿಗಳಷ್ಟೇ. ಆದ್ದರಿಂದ ಮೇಷ್ಟ್ರು ಒಬ್ಬೊಬ್ಬರನ್ನೇ ಪೇಟಿಯ ಪಕ್ಕ ಕೂರಿಸಿ ಅವರವರ ಮಾತನ್ನು ಮಾತ್ರ ಬಾಯಿಪಾಠ ಮಾಡಿಸುತ್ತಿದ್ದರು. ಎದುರಿನವನ ಮಾತಿನಲ್ಲಿ ಕೊನೆಯ ಎರಡು ಪದ ಗೊತ್ತಿದ್ದರೆ ಸಾಕು, ಅದು ಕಿವಿಗೆ ಬಿದ್ದೊಡನೆ ನಿನ್ನದು ಶುರು ಮಾಡು ಅನ್ನುತ್ತಿದ್ದರು. ಹೀಗಾಗಿ ರಾಜನಿಗೆ ಕುಂಬಾರನ ಮಾತು ಗೊತ್ತಿಲ್ಲ, ಕುಂಬಾರನಿಗೆ ಮಂತ್ರಿಯದು ಗೊತ್ತಿಲ್ಲ. ಇಡೀ ನಾಟಕ ಗೊತ್ತಿದ್ದದ್ದು ಮೇಷ್ಟ್ರ ಚೀಲದೊಳಗಿದ್ದ ಕೈಬರಹದ ಪುಸ್ತಕಕ್ಕೆ ಮಾತ್ರ. ಅದನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ.

ಇನ್ನೊಂದು ನಿಯಮ ಪೇಟಿಯದು. ಪರದೆ ಎಳೆಯುವವನು ಪಕ್ಕದ ಮರೆಯಲ್ಲಿ ಇರುತ್ತಾನೆ, ರಂಗ ಅವನಿಗೆ ಕಾಣುವುದಿಲ್ಲ. ಪೇಟಿ ನಿಂತರೆ ಪರದೆ ಬೀಳಬೇಕು, ಪೇಟಿ ನುಡಿಯುತ್ತಿದ್ದರೆ ಏನೇ ಆದರೂ ಹಗ್ಗ ಬಿಡಬಾರದು.

ಆ ವರ್ಷ ಎಲ್ಲಿ ನೋಡಿದರೂ ಚಳವಳಿಯ ಮಾತು. ಮದ್ದೂರಿನ ಸಂತೆಗೆ ಹೋದವರು ಟೋಪಿ ಹಾಕಿದವರ ಭಾಷಣ ಕೇಳಿಕೊಂಡು ಬರುತ್ತಿದ್ದರು. ಪಟೇಲರು ಸರ್ಕಾರದ ಕಡೆಯ ಮನುಷ್ಯ, ನಾನು ಸರ್ಕಾರದ ಸಂಬಳ ತಿನ್ನುವವನು. ಒಂದು ಬೆಳಗ್ಗೆ ಅವರು ನನ್ನನ್ನು ಕರೆಸಿ ಚಾಪೆ ಹಾಸಿಸಿದರು.

"ಆ ಪೇಟಿಯವ್ನು ನಿಮ್ಗೆ ಯಾವೂರು ಅಂದ ಮೇಷ್ಟ್ರೇ?"

ಬನ್ನೂರಿನ ಕಡೆ ಅಂದರು ಎಂದೆ.

"ನಂಗೆ ಕನಕಪುರದ ಕಡೆ ಅಂದವ್ನೆ. ಒಸಿ ಕಣ್ಣಿಟ್ಟಿರಿ."

ಕಣ್ಣಿಟ್ಟೆ. ಕಣ್ಣಿಡುವುದು ನನಗೆ ಬರುವ ಕೆಲಸ. ದಿನಚರಿಯಲ್ಲಿ ಹೊತ್ತು ಬರೆಯತೊಡಗಿದೆ. ರಾಜನಿಗೆ ಇಪ್ಪತ್ತು ನಿಮಿಷ. ಮಂತ್ರಿಗೆ ಹದಿನೈದು. ಕುಂಬಾರನಿಗೆ ಐವತ್ತು. ಎರಡನೆಯ ದಿನವೂ ಐವತ್ತು. ಕುಂಬಾರನ ಮಾತು ರಾಜನ ಮಾತಿಗಿಂತ ಕಡಿಮೆ ಎಂದು ಅವರೇ ಹೇಳಿದ್ದರು. ಹಾಗಿದ್ದರೆ ಆ ಐವತ್ತು ನಿಮಿಷದಲ್ಲಿ ಏನು ಕಲಿಸುತ್ತಿದ್ದಾರೆ? ಅದೂ ಪಟೇಲರು ತಮ್ಮ ಪಾಠ ಮುಗಿಸಿ ಎದ್ದು ಹೋದ ಮೇಲೆ, ದನಿ ತಗ್ಗಿಸಿ. ನಾನು ಮೇಜನ್ನು ಒಂದು ಮಾರು ಹತ್ತಿರಕ್ಕೆ ಸರಿಸಿಕೊಂಡೆ. ಕೇಳಿಸಿದ್ದು ಇಷ್ಟೇ:

"ನೆಲ ನೋಡ್ಬ್ಯಾಡ ಕಣಪ್ಪ. ಗದ್ದುಗೆ ನೋಡು. ಗದ್ದುಗೆ ಮ್ಯಾಲೆ ಕುಂತವ್ನ ಕಣ್ಣು ನೋಡು."

ಅವನು ಒಂದು ಗಳಿಗೆ ತಲೆ ಎತ್ತುತ್ತಿದ್ದ, ಮತ್ತೆ ತಾನಾಗಿಯೇ ಕತ್ತು ಕೆಳಗೆ ಬೀಳುತ್ತಿತ್ತು. ಗದ್ದುಗೆಯ ಜಾಗದಲ್ಲಿ ನನ್ನ ಖಾಲಿ ಕುರ್ಚಿಯನ್ನು ಇಟ್ಟಿದ್ದರು. ಖಾಲಿ ಕುರ್ಚಿಯನ್ನು ನೋಡಲೂ ಅವನಿಗೆ ಆಗುತ್ತಿರಲಿಲ್ಲ. ನಾನು ಆ ಮಾತನ್ನು ದಿನಚರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಅದು ಪಾಠ ಅನ್ನಿಸಲಿಲ್ಲ, ಪಿತೂರಿ ಅನ್ನಿಸಿತು.

ಮಂತ್ರಿಯ ವೇಷದ ದಾಯಾದಿಗೂ ಇದು ಕಣ್ಣಿಗೆ ಬಿದ್ದಿತ್ತು. ಒಂದು ಸಂಜೆ ಎಲ್ಲರ ಎದುರಿಗೆ ಕೆಣಕಿದ. "ಯಾಕ್ಲಾ, ಕಾಲಿಗೆ ಬೀಳಾದ್ನೂ ನಿಂಗೆ ಕಲಿಸ್ಬೇಕೇನ್ಲಾ? ವರ್ಸ ಇಡೀ ಅದೇ ಕೆಲ್ಸ ತಾನೆ."

ಕುಂಬಾರ ಟವೆಲಿನಿಂದ ಕತ್ತು ಒರೆಸಿಕೊಂಡು ಹೇಳಿದ. "ಬೀಳಾದು ಗೊತ್ತು ಕಣಣ್ಣ. ಏಳಾದು ಕಲಿಸ್ತಾವ್ರೆ."

ಎಲ್ಲರೂ ನಕ್ಕರು. ಪೇಟಿ ಮೇಷ್ಟ್ರು ನಗಲಿಲ್ಲ. ನಾನೂ ನಗಲಿಲ್ಲ.

ನಾಟಕಕ್ಕೆ ಎಂಟು ದಿನ ಇದ್ದಾಗ, ರಂಗದ ಎಡಗಡೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವ ಕೆಲಸ ನನಗಿರಲಿ ಎಂದು ಪಟೇಲರು ಹೇಳಿದರು. ಊರಿನಲ್ಲಿ ಓದಬಲ್ಲವನು ನಾನೊಬ್ಬನೇ. ಪುಸ್ತಕ ನನ್ನ ಕೈಗೆ ಬರಲಿ ಎಂಬುದು ಅವರ ಲೆಕ್ಕ. ಪೇಟಿ ಮೇಷ್ಟ್ರು ತಕರಾರು ಮಾಡುತ್ತಾರೆಂದು ನಾನು ಕಾದಿದ್ದೆ. ಮಾಡಲಿಲ್ಲ. ಎರಡು ತಿಂಗಳು ಚೀಲದಿಂದ ಹೊರಗೆ ತೆಗೆಯದಿದ್ದ ಪುಸ್ತಕವನ್ನು ಸುಮ್ಮನೆ ನನ್ನ ಮೇಜಿನ ಮೇಲಿಟ್ಟರು.

"ಪೇಟಿ ನಿಂತ್ರೆ ನೀವೂ ನಿಲ್ಲಿ. ಪೇಟಿ ನಿಲ್ನಿಲ್ಲ, ಆದ್ರೆ ಮಾತಾಡೋರು ನಿಂತವ್ರೆ ಅಂದ್ರೆ ಮುಂದಿನ ಸಾಲು ಓದ್ಬುಡಿ. ಯೋಚ್ನೆ ಮಾಡ್ತಾ ಕೂರ್ಬ್ಯಾಡಿ."

ಪಾತ್ರಧಾರಿಗಳಿಗೂ ಅದನ್ನೇ ಕಲಿಸಿದರು. ಮಾತು ಮರೆತರೆ ಎಡಗಡೆ ತಿರುಗಿ, ಇಸ್ಕೂಲ್ ಮೇಷ್ಟ್ರು ಏನು ಅಂತಾರೋ ಅದನ್ನು ಹಾಗೇ ಅನ್ನಿ, ಅರ್ಥ ಹುಡುಕಬೇಡಿ. ಕಡೆಯ ಎಂಟು ದಿನ ಇದೇ ತಾಲೀಮು. ಪಟೇಲರು ದಿನಕ್ಕೆ ಹತ್ತು ಸಲ ಎಡಗಡೆ ತಿರುಗುತ್ತಿದ್ದರು. ನಾನು ಓದುತ್ತಿದ್ದೆ, ಅವರು ಗಟ್ಟಿಯಾಗಿ ಒಪ್ಪಿಸುತ್ತಿದ್ದರು, ನನ್ನ ಎರಡನೇ ತರಗತಿಯ ಮಕ್ಕಳ ಹಾಗೆ.

ಪುಸ್ತಕವನ್ನು ನಾನು ಮೊದಲ ದಿನವೇ ಕೊನೆಯ ತನಕ ಓದಿದೆ. ಐದನೆಯ ಸೀನಿನಲ್ಲಿ ರಾಜ, ಈ ನೆಲ ಅರಮನೆಯದು, ಇದು ನನ್ನ ಆಜ್ಞೆ ಅನ್ನುತ್ತಾನೆ. ಪಟೇಲರಿಗೆ ಕಲಿಸಿದ್ದು ಅಲ್ಲಿಯವರೆಗೆ. ಅದೇ ಕೊನೆ ಎಂದು ಅವರು ತಿಳಿದಿದ್ದರು. ಪುಸ್ತಕದಲ್ಲಿ ಅದು ಕೊನೆಯಾಗಿರಲಿಲ್ಲ. ಮೂರನೆಯ ಸಲ ಕಾಲಿಗೆ ಬಿದ್ದ ಕುಂಬಾರ ಎದ್ದು ನಿಲ್ಲುತ್ತಾನೆ. ಈ ಮಣ್ಣನ್ನು ತುಳಿದು ಹದ ಮಾಡಿದವರು ಯಾರು ಎಂದು ಹಾಡುತ್ತಾನೆ. ರಾಜ ಗದ್ದುಗೆಯಿಂದ ಇಳಿದು ಬಂದು, ನೀನು ತುಳಿದ ಮಣ್ಣು ನಿನ್ನದು, ಈ ಮಾತಿಗೆ ತಪ್ಪಿದರೆ ನನ್ನ ಮನೆ ನಿಲ್ಲದು ಅನ್ನುತ್ತಾನೆ.

ಆಗ ನನಗೆ ಎಲ್ಲವೂ ಹೊಂದಿಕೊಂಡಿತು. ಐವತ್ತು ನಿಮಿಷ, ತಗ್ಗಿದ ದನಿ, ಎರಡು ಊರಿನ ಹೆಸರು. ಪುಸ್ತಕ ಹಿಡಿದುಕೊಂಡು ನೇರ ಪಟೇಲರ ಮನೆಗೆ ಹೋಗಿ ಆ ಪುಟವನ್ನು ಓದಿ ಹೇಳಿದೆ. ನನ್ನ ಕರ್ತವ್ಯ ಎಂದುಕೊಂಡೇ ಹೇಳಿದೆ.

ಪಟೇಲರು ರೇಗಲಿಲ್ಲ. ಪೇಟಿ ಮೇಷ್ಟ್ರನ್ನು ಕರೆಸಿ, ಆಜ್ಞೆ ಅಂದ ಮೇಲೆ ಪರದೆ ಬೀಳಬೇಕು, ಮಿಕ್ಕದ್ದು ಹೊಡೆದುಹಾಕು ಅಂದರು. ಮೇಷ್ಟ್ರು ಆಗಲಿ ಗೌಡ್ರೇ ಅಂದು ನನ್ನ ಲೇಖನಿಯನ್ನೇ ಇಸಿದುಕೊಂಡು ಆ ಸಾಲುಗಳ ಮೇಲೆ ಒಂದು ಗೆರೆ ಎಳೆದರು. ಕೂದಲಿನಷ್ಟು ತೆಳುವಾದ ಒಂದೇ ಗೆರೆ. ಕೆಳಗಿನ ಅಕ್ಷರ ಒಂದೂ ಮಾಸಲಿಲ್ಲ. ಪಟೇಲರಿಗೆ ಓದು ಬಾರದು, ಗೆರೆ ಕಂಡಿತು, ಸಾಕಾಯಿತು. ನನಗೆ ಅದೂ ಅನುಮಾನಕ್ಕೆ ಕಾರಣವಾಯಿತು. ಆದರೂ ನಾನು ಆ ಪುಟ ಹರಿಯಲಿಲ್ಲ, ಮಸಿ ಬಳಿಯಲಿಲ್ಲ. ಪುಸ್ತಕ ಕೆಡಿಸುವುದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ.

ನಾಟಕದ ರಂಗವನ್ನು ಆ ಊರಿನಲ್ಲಿ ಯಾವಾಗಲೂ ಮಾರಿಗುಡಿಗೆ ಎದುರಾಗಿಯೇ ಕಟ್ಟುತ್ತಿದ್ದರು. ರಾತ್ರಿಯಿಡೀ ಗುಡಿಯ ಬಾಗಿಲು ತೆರೆದಿರುತ್ತದೆ, ಒಳಗೆ ದೀಪ ಉರಿಯುತ್ತಿರುತ್ತದೆ. ಮೊದಲು ನೋಡುವವಳು ಅಮ್ಮ, ಅವಳ ಹಿಂದೆ ಕೂತು ನೋಡುವುದು ಊರು. ಆ ಬಾಗಿಲು ತೆರೆದಿರುವಾಗ ಯಾರೂ ಸುಳ್ಳು ಆಣೆ ಇಡುತ್ತಿರಲಿಲ್ಲ. ವ್ಯಾಜ್ಯಗಳು ಅಲ್ಲೇ ತೀರ್ಮಾನವಾಗುತ್ತಿದ್ದವು.

ಶನಿವಾರ ರಾತ್ರಿ ಶುರುವಾದ ನಾಟಕ ಐದನೆಯ ಸೀನಿಗೆ ಬರುವ ಹೊತ್ತಿಗೆ ಬೆಳಕಾಗಿತ್ತು. ಪೆಟ್ರೋಮ್ಯಾಕ್ಸ್ ದೀಪಗಳು ಮಂಕಾಗಿದ್ದವು. ಜನರ ಮುಖ ಒಂದೊಂದೂ ಕಾಣುತ್ತಿತ್ತು. ಬಿಸಿಲಿನಲ್ಲಿ ಪಟೇಲರ ಕಿರೀಟದ ಕಾಗದ, ಕೆನ್ನೆಯ ಅರದಾಳ ಬಿರುಕು ಬಿಟ್ಟದ್ದು, ಎಲ್ಲವೂ ಕಾಣುತ್ತಿತ್ತು. ಕುಂಬಾರ ಮೂರನೆಯ ಸಲ ಬಿದ್ದ. ಪಟೇಲರು, ಈ ನೆಲ ಅರಮನೆಯದು, ಇದು ನನ್ನ ಆಜ್ಞೆ ಎಂದು ಗುಡುಗಿದರು.

ಪೇಟಿ ನಿಲ್ಲಲಿಲ್ಲ.

ಒಂದೇ ಸ್ವರ ಎಳೆದುಕೊಂಡು ಹೋಗುತ್ತಿತ್ತು. ಪರದೆಯವನು ಹಗ್ಗ ಹಿಡಿದು ಕಾಯುತ್ತಿದ್ದ. ಕುಂಬಾರ ಎದ್ದ. ಹಾಡಬೇಡ ಎಂದು ಅವನಿಗೆ ಹೇಳಿದ್ದರು, ಹಾಡಲಿಲ್ಲ. ಸುಮ್ಮನೆ ನಿಂತ. ನಿಂತು ತಲೆ ಎತ್ತಿದ. ಗದ್ದುಗೆಯ ಮೇಲೆ ಕೂತವರ ಕಣ್ಣನ್ನೇ ನೋಡಿದ. ಎಷ್ಟು ಹೊತ್ತು ಎಂದು ನಾನು ಗಡಿಯಾರ ನೋಡಲಿಲ್ಲ... ಆ ಕತ್ತು ಕೆಳಗೆ ಬೀಳಲಿಲ್ಲ. ಪಟೇಲರ ಬಾಯಲ್ಲಿ ಮಾತು ಮುಗಿದುಹೋಗಿತ್ತು. ಅವರು ಎಡಗಡೆ ತಿರುಗಿದರು. ನನ್ನನ್ನು ನೋಡಿದರು.

ನನ್ನ ಕೈಯಲ್ಲಿ ಪುಸ್ತಕ. ಆಜ್ಞೆ ಎಂಬ ಪದದ ಮುಂದೆ ತೆಳು ಗೆರೆ, ಗೆರೆಯ ಕೆಳಗೆ ಸಾಲು. ಪೇಟಿ ನುಡಿಯುತ್ತಿದೆ, ಮಾತಾಡುವವರು ನಿಂತಿದ್ದಾರೆ. ನಾನು ರಾಜನ ಮುಂದಿನ ಸಾಲು ಓದಿದೆ.

"ಇಗೋ, ಗದ್ದುಗೆ ಇಳಿದೆ," ಎಂದು ಪಟೇಲರು ಒಪ್ಪಿಸಿದರು. ಅಂದದ್ದನ್ನು ಆಡಿ ತೋರಿಸುವ ಅಭ್ಯಾಸದಂತೆ ಎದ್ದು ಎರಡು ಹೆಜ್ಜೆ ಇಳಿದೇಬಿಟ್ಟರು. ನಾನು ಓದುತ್ತ ಹೋದೆ, ಅವರು ಹಾಗೇ ಒಪ್ಪಿಸುತ್ತ ಹೋದರು. "ನೀನು ತುಳಿದ ಮಣ್ಣು ನಿನ್ನದು. ಈ ಮಾತಿಗೆ ತಪ್ಪಿದರೆ ನನ್ನ ಮನೆ ನಿಲ್ಲದು."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಅರ್ಥ ಅವರ ಮುಖಕ್ಕೆ ಬಂದದ್ದನ್ನು ನಾನು ನೋಡಿದೆ. ಆಗ ಪೇಟಿ ನಿಂತಿತು. ಪರದೆ ಬಿತ್ತು.

ಜನ ಏಳಲಿಲ್ಲ. ಪಟೇಲರು ಪರದೆ ಸರಿಸಿಕೊಂಡು ಹೊರಗೆ ಬಂದು, ಅದು ರಾಜ ಆಡಿದ ಮಾತು, ನಾನು ಆಡಿದ್ದಲ್ಲ ಅಂದರು. ಗುಡಿಯ ಬಾಗಿಲಲ್ಲಿ ಕೂತಿದ್ದ, ಅಮ್ಮನ ಪೂಜೆ ಮಾಡುವ ಮುದುಕಿ ದೀಪಕ್ಕೆ ಎಣ್ಣೆ ಬಿಡುತ್ತ, ತಲೆ ಎತ್ತದೆ ಅಂದಳು:

"ಅಮ್ಮಂಗೆ ಗೊತ್ತಿರಾದು ನಿನ್ ಮಕ ಕಣಪ್ಪ. ಕಿರೀಟ ಅಲ್ಲ."

ಕುಂಬಾರನ ತಾಯಿ ಅಲ್ಲೇ ಗುಡಿಯ ಮೆಟ್ಟಿಲ ಮೇಲೆ ಸೆರಗು ಹಾಸಿ ಹಣೆ ಹಚ್ಚಿದಳು. ಅಷ್ಟಾದ ಮೇಲೆ ಊರಿನ ಪಾಲಿಗೆ ಅದು ತೀರ್ಮಾನವಾಗಿ ಹೋಯಿತು.

ಒಂಬತ್ತು ಗಂಟೆಗೆ ನನಗೂ ಪೇಟಿ ಮೇಷ್ಟ್ರಿಗೂ ಕರೆ ಬಂತು. ಪಟೇಲರು ಮುಖ ತೊಳೆದಿದ್ದರು. ಕಿವಿಯ ಹಿಂದೆ ಹಳದಿ ಉಳಿದಿತ್ತು. ಅಂದು ಚಾಪೆ ಹಾಸಲಿಲ್ಲ. ಇಬ್ಬರೂ ಜಗಲಿಯ ಕೆಳಗೆ ನಿಂತೆವು.

"ಆ ಸಾಲು ಹೊಡೆದಾಕಿತ್ತಲ್ಲ ಮೇಷ್ಟ್ರೇ. ಯಾಕ್ ಓದುದ್ರಿ?"

ಪಟೇಲರು ಇನ್ಸ್‌ಪೆಕ್ಟರಿಗೆ ಒಂದು ಕಾಗದ ಬರೆಸಿದರೆ ನನ್ನ ಕೆಲಸ ಹೋಗುತ್ತಿತ್ತು. ಗೆರೆ ಕಂಡಿತ್ತು, ಆದರೂ ಓದಿದೆ ಎಂದು ಹೇಳುವುದಕ್ಕೆ ನಾಲ್ಕು ಪದ ಸಾಕಿತ್ತು. ನಾನು ಹೇಳಿದ್ದು ಬೇರೆ. "ಪೇಟಿ ನಿಲ್ಲಲಿಲ್ಲ ಗೌಡ್ರೇ. ಪೇಟಿ ನಿಲ್ಲದಿದ್ದರೆ ಮುಂದಿನದು ಓದಬೇಕು ಅಂತ ಇವರೇ ಹೇಳಿದ್ದರು."

ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಅದಕ್ಕೇ ಇಷ್ಟು ವರ್ಷ ಚುಚ್ಚಿದೆ.

ಪೇಟಿ ಮೇಷ್ಟ್ರು ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಪಟೇಲರಿಗೆ ಹೇಳಿದರು. "ದಿಟ ಗೌಡ್ರೇ. ನಾನೇ ಹೇಳಿದ್ದು."

"ಪೇಟಿ ಇಲ್ಲೇ ಬುಟ್ಟು ನಡಿ. ಈ ಸೀಮೇಲಿ ಇನ್ನೆಲ್ಲೂ ಕಾಣಿಸ್ಕಬ್ಯಾಡ."

ದಾಯಾದಿ ತಮ್ಮ ಹಾರ್ಮೋನಿಯಮ್ಮನ್ನು ಎತ್ತಿಕೊಂಡು ಅಟ್ಟದ ಮೇಲಿಟ್ಟ. ಆ ಮನುಷ್ಯನಿಗೆ ಹೊಟ್ಟೆಗೆ ಹಾಕುತ್ತಿದ್ದದ್ದು ಅದೊಂದೇ. ಅವರು ಬೇಡಲಿಲ್ಲ, ಕಾಲಿಗೂ ಬೀಳಲಿಲ್ಲ. ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.

ಭಾನುವಾರ, ಶಾಲೆ ಇರಲಿಲ್ಲ. ನಾಲೆಯ ಸೇತುವೆಯ ಹತ್ತಿರ ಅವರನ್ನು ಹಿಡಿದೆ. ಕ್ಷಮೆ ಕೇಳಲು ಹೋದೆನೆಂದು ಹೇಳಲಾರೆ. ಮನಸ್ಸಿನಲ್ಲಿದ್ದದ್ದು ಆಗ ಒಂದೇ ಪ್ರಶ್ನೆ. ಬೇಕೆಂದೇ ಪೇಟಿ ನಿಲ್ಲಿಸಲಿಲ್ಲವೇ ಎಂದು ಕೇಳಿದೆ.

"ಇಬ್ಬನಿ ಬಿದ್ದಿತ್ತು ಮೇಷ್ಟ್ರೇ. ಪೇಟಿ ಮನೆ ಕಚ್ಕತ್ತು, ಮ್ಯಾಕೆ ಏಳ್ನಿಲ್ಲ." ಮನೆ ಅಂದರೆ ಪೇಟಿಯಲ್ಲಿ ಬೆರಳಿಂದ ಒತ್ತುವ ಪಟ್ಟಿ. ಆಮೇಲೆ ಅವರೇ ಕೇಳಿದರು. "ನೀವ್ಯಾಕೆ ಓದುದ್ರಿ?"

ಅಭ್ಯಾಸ ಅಂದೆ.

"ಸರಿ ಬುಡಿ. ನಂದು ಇಬ್ಬನಿ, ನಿಮ್ದು ಅಭ್ಯಾಸ."

ಮಳವಳ್ಳಿಯ ಕಡೆ ನಡೆದುಹೋದರು. ಪೇಟಿಯ ಹೊರೆ ಇಲ್ಲದಿದ್ದರೂ ಆ ಹೆಗಲು ಒಂದು ಕಡೆಗೆ ವಾಲಿಯೇ ಇತ್ತು.

ಯುಗಾದಿಗೆ ಪಟೇಲರು ನೆಲ ಕೇಳಲಿಲ್ಲ. ಮಾರಿಗುಡಿಯ ಮುಂದೆ ಹಾದು ಹೋಗುವಾಗ ಅವರು ಆ ಬಾಗಿಲ ಕಡೆ ನೋಡುತ್ತಿರಲಿಲ್ಲವೆಂದು ಜನ ಹೇಳುತ್ತಿದ್ದರು. ಕುಂಬಾರ ವರ್ಷದ ಮೊದಲ ಉಳುಮೆಯ ಹೊನ್ನಾರು ಕಟ್ಟಿ ತನ್ನ ಒಂದೂವರೆ ಎಕರೆ ಉತ್ತ. ಮಾರನೆಯ ದಿನ ಶಾಲೆಯ ಬಾಗಿಲಿಗೆ ಬಂದು, ಪೇಟಿ ಮೇಷ್ಟ್ರು ಯಾವ ಕಡೆ ಹೋದರು ಎಂದು ಕೇಳಿದ. ಅವರಿಗೆ ಒಂದು ಮಾತು ಹೇಳುವುದಿತ್ತಂತೆ. ಮಳವಳ್ಳಿ ಸಂತೆ, ಮದ್ದೂರು ಸಂತೆ ಎರಡರಲ್ಲೂ ವಾರಗಟ್ಟಲೆ ಹುಡುಕಿದ. ಬನ್ನೂರಿನ ಕಡೆಗೂ ಹೋಗಿ ಬಂದ, ಕನಕಪುರದ ಕಡೆಗೂ ಹೋಗಿ ಬಂದ. ಸಿಗಲಿಲ್ಲ. ನಾನು ಜಗಲಿಯ ಕೆಳಗೆ ಏನು ಹೇಳಿದೆನೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ. ಅವನು ನನ್ನ ಕಣ್ಣನ್ನೇ ನೋಡಿ ಮಾತಾಡುತ್ತಿದ್ದ, ನಾನು ಹಾಜರಿ ಪುಸ್ತಕ ನೋಡುತ್ತಿದ್ದೆ.

ಬೇಸಿಗೆಯಲ್ಲಿ ಒಂದು ಸಲ, ಪಟೇಲರ ಮನೆಯಲ್ಲಿ ಯಾರೂ ಇಲ್ಲದಾಗ, ಅಟ್ಟ ಹತ್ತಿ ಆ ಪೇಟಿಯ ಒಂದೊಂದು ಮನೆಯನ್ನೂ ಒತ್ತಿ ನೋಡಿದೆ. ಒಂದೂ ಕಚ್ಚಿಕೊಳ್ಳಲಿಲ್ಲ. ಆದರೆ ಅದು ಬೇಸಿಗೆ, ಇಬ್ಬನಿ ಎಲ್ಲಿ ಬರಬೇಕು... ಹಾಗಾಗಿ ಅದರಿಂದ ಏನೂ ಗೊತ್ತಾಗಲಿಲ್ಲ. ಇಳಿಯುವಾಗ ಇನ್ನೊಂದು ಅನುಮಾನ ಬಂತು. ಅದು ನನ್ನ ಮೇಲೆಯೇ. ಗೆರೆ ನನಗೆ ಕಂಡಿತ್ತು. ತಲೆ ಎತ್ತಿ ನಿಂತಿದ್ದ ಆ ಮನುಷ್ಯನೂ ಕಂಡಿದ್ದ. ಓದಿದ್ದು ಬರೀ ಅಭ್ಯಾಸವೇ? ಐವತ್ತು ವರ್ಷ ದಾಟಿದರೂ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಜೂನ್ ತಿಂಗಳಿನಲ್ಲಿ ನನಗೆ ವರ್ಗವಾಯಿತು. ಎಪ್ಪತ್ತರ ದಶಕದಲ್ಲಿ ಉಳುವವನಿಗೆ ನೆಲ ಎಂಬ ಕಾನೂನು ಬಂದಾಗ ಕುಂಬಾರ ಅರ್ಜಿ ಹಾಕಿದ. ನಲವತ್ತೇಳರಲ್ಲಿ ಅವನೇ ಉಳುತ್ತಿದ್ದ ಎಂದು ನಾನು ಮಳವಳ್ಳಿಗೆ ಹೋಗಿ ಸಾಕ್ಷಿ ಹೇಳಿದೆ. ಈ ಸಲ ಹೇಳಬೇಕಾದ್ದನ್ನು ಪೂರ್ತಿ ಹೇಳಿದೆ. ನೆಲ ಅವನ ಹೆಸರಿಗೆ ಆಯಿತು. ಪಟೇಲರು ಆಗಲೇ ಇರಲಿಲ್ಲ. ಕೆಲವು ವರ್ಷಗಳ ಮೇಲೆ ಅವನೂ ಹೋದ.

ಹೋದ ವರ್ಷ ಅವನ ಮೊಮ್ಮಗ ವಿಳಾಸ ಹುಡುಕಿಕೊಂಡು ನನ್ನ ಮನೆಗೆ ಬಂದಿದ್ದ. ಗದ್ದೆಯ ಮೂಲೆಯಲ್ಲಿ ಹೊಸ ಮನೆ ಕಟ್ಟಿಸಿದ್ದಾನೆ. ಬಾಗಿಲ ಮೇಲೆ ಪೇಟಿ ಮೇಷ್ಟ್ರ ಹೆಸರು ಕೆತ್ತಿಸಬೇಕಂತೆ. ತಾತ ಸಾಯುವ ಮುಂಚೆ ಕೇಳಿಕೊಂಡಿದ್ದನಂತೆ. ತಾತನಿಗೆ ಹೆಸರು ಗೊತ್ತಿರಲಿಲ್ಲ, ಇಸ್ಕೂಲ್ ಮೇಷ್ಟ್ರಿಗೆ ಗೊತ್ತಿರುತ್ತೆ, ಅವರು ಎಲ್ಲ ಬರೆದಿಟ್ಟುಕೊಳ್ಳೋರು ಅಂದಿದ್ದನಂತೆ.

ನನಗೆ ಗೊತ್ತಿರಲಿಲ್ಲ. ಎರಡು ತಿಂಗಳಲ್ಲಿ ಒಂದು ದಿನವೂ ನಾನು ಅವರ ಹೆಸರು ಕೇಳಿರಲಿಲ್ಲ. ಕೇಳಿದರೆ ಹೇಗಿದ್ದರೂ ಸುಳ್ಳು ಹೆಸರು ಹೇಳುತ್ತಾರೆಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಹುಡುಗ ಕಾಫಿ ಕುಡಿದು ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ.

"ನಿಮ್ಗೆ ಗೊತ್ತೈತೆ ತಾತ," ಅಂದ. "ಯಾಕೋ ಹೇಳ್ತಿಲ್ಲ ನೀವು."

ಇಲ್ಲಪ್ಪ, ನಿಜವಾಗಿಯೂ ಗೊತ್ತಿಲ್ಲ ಅಂದೆ. ಅವನು ನಂಬಲಿಲ್ಲ.